ಸಿಪಾಯಿಗಳು ಕೇಳಿದ ಹಾಡು

ಸಾಗರ

ಪ್ರಿಯ ಗೆಳೆಯಾ,

"ಬ್ಯಾರಕ್ಕಿನಲ್ಲಿ ದೇಶಭಕ್ತಿ ಗೀತೆ ಹಾಕಿಕೊಂಡು ಕೂತದ್ದು ನನಗಂತೂ ನೆನಪಿಲ್ಲ ಮಾರಾಯ. ಅದೆಲ್ಲ ಆಗಸ್ಟ್ ಹದಿನೈದಕ್ಕೆ ಊರಲ್ಲಿ ನೀವು ಹಾಕುವುದು" ಅಂತ ಮೊನ್ನೆ ಫೋನಿನಲ್ಲಿ ಅಂದೆಯಲ್ಲ, ಆ ಮಾತು ತಲೆಯಲ್ಲೇ ಉಳಿಯಿತು. ಇಲ್ಲಿ ಮಳೆ ಹಿಡಿದಿದೆ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸೋಣ ಅಂದರೆ ಅರ್ಧ ದಿನವೂ ಬಿಡುವು ಕೊಡುತ್ತಿಲ್ಲ. ಹಾಗಾಗಿ ಯುದ್ಧಕಾಲದ ಹಾಡುಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಕೂತೆ. ನೀನು ಹೇಳಿದ್ದು ಸರಿ ಅಂತ ಸಾಕ್ಷಿ ಸಮೇತ ಬರೆಯುತ್ತಿದ್ದೇನೆ. ನಾಲ್ಕು ಜನ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ, ಬೈಯಬೇಡ.

ಮೊದಲು 'ಲಿಲಿ ಮರ್ಲೀನ್' ಎಂಬ ಜರ್ಮನ್ ಹಾಡಿನ ಕತೆ ಕೇಳು. ಹಾನ್ಸ್ ಲೈಪ್ ಎಂಬ ಸಿಪಾಯಿ 1915ರಲ್ಲಿ, ರಷ್ಯಾ ಕಡೆಯ ಯುದ್ಧಕ್ಕೆ ಹೊರಡುವ ಮುಂಚೆ ಬರೆದ ಪದ್ಯ ಅದು. ಬ್ಯಾರಕ್ಕಿನ ಗೇಟು, ಅಲ್ಲೊಂದು ದೀಪದ ಕಂಬ, ಅದರ ಕೆಳಗೆ ಅವನ ಹುಡುಗಿ. ಇಷ್ಟೇ. ಶತ್ರುವಿನ ಸುದ್ದಿ ಇಲ್ಲ, ಬಾವುಟ ಇಲ್ಲ. 1938ರಲ್ಲಿ ನಾರ್ಬರ್ಟ್ ಶುಲ್ಟ್ಸೆ ರಾಗ ಹಾಕಿದ, 1939ರಲ್ಲಿ ಲಾಲೆ ಆಂಡರ್ಸನ್ ಹಾಡಿ ರೆಕಾರ್ಡ್ ಬಂತು. ಮಾರಾಟ ಅಷ್ಟಕ್ಕಷ್ಟೆ.

1941ರಲ್ಲಿ ಜರ್ಮನರು ಯುಗೊಸ್ಲಾವಿಯಾದ ರಾಜಧಾನಿ ಬೆಲ್‌ಗ್ರೇಡ್ ಹಿಡಿದರು. ಅಲ್ಲಿನ ರೇಡಿಯೋವನ್ನು ತಮ್ಮ ಸೈನಿಕರಿಗಾಗಿ ನಡೆಸತೊಡಗಿದರು. ಅವರ ಹತ್ತಿರ ರೆಕಾರ್ಡುಗಳೇ ಕಡಿಮೆ. ಇದ್ದವುಗಳಲ್ಲಿ ಇದೂ ಒಂದು, ಹಾಗಾಗಿ ಮತ್ತೆ ಮತ್ತೆ ಹಾಕಿದರು. ಸಿಪಾಯಿಗಳಿಗೆ ಹುಚ್ಚು ಹಿಡಿಯಿತು. ನಡುವೆ ಒಮ್ಮೆ ನಿಲ್ಲಿಸಿದ್ದಕ್ಕೆ ಹಾಡು ಎಲ್ಲಿ ಅಂತ ರಾಶಿ ಪತ್ರ ಬಂತು. ಆಮೇಲೆ ದಿನಾ ರಾತ್ರಿ ಹತ್ತಕ್ಕೆ ಸ್ವಲ್ಪ ಮುಂಚೆ ಹಾಕುವುದು ಪದ್ಧತಿಯೇ ಆಯಿತು. ಹಿಟ್ಲರನ ಪ್ರಚಾರ ಮಂತ್ರಿ ಗೊಬೆಲ್ಸ್‌ಗೆ ಈ ಹಾಡು ಕಂಡರಾಗದು. ಅವನಿಗೆ ಬೇಕಿದ್ದದ್ದು ಹೆಜ್ಜೆ ಹಾಕಿಸುವ ಹಾಡು. ಲಾಲೆ ಆಂಡರ್ಸನ್‌ಗೆ ಸ್ವಿಟ್ಜರ್ಲೆಂಡಿನಲ್ಲಿ ಯಹೂದಿ ಗೆಳೆಯರಿದ್ದರು. ಅದು ಗೊತ್ತಾದ ಮೇಲೆ ಅವಳು ಹಾಡುವುದಕ್ಕೇ ಕೆಲಕಾಲ ಅಡ್ಡಿ ಬಂತು. ಹಾಡು ಮಾತ್ರ ನಿಲ್ಲಲಿಲ್ಲ.

ಇನ್ನೊಂದು ಚಂದ ನೋಡು. ಉತ್ತರ ಆಫ್ರಿಕಾದ ಮರಳುಗಾಡಿನಲ್ಲಿ ಎದುರು ಪಾಳಯದ ಬ್ರಿಟಿಷ್ 8ನೇ ಸೇನೆಯವರೂ ರಾತ್ರಿ ಅದೇ ಸ್ಟೇಷನ್ ಹಿಡಿದು ಅದೇ ಹಾಡು ಕೇಳಿದರು. ನಮ್ಮ 4ನೇ ಭಾರತೀಯ ಡಿವಿಷನ್ ಹೋರಾಡಿದ್ದೂ ಆ ಸೇನೆಯಲ್ಲೇ. ತಮ್ಮ ಹುಡುಗರು ಶತ್ರುವಿನ ಭಾಷೆಯಲ್ಲಿ ಹಾಡಿಕೊಂಡು ತಿರುಗುವುದು ಬ್ರಿಟಿಷರಿಗೆ ಮುಜುಗರ. ಕೊನೆಗೆ ಇಂಗ್ಲಿಷಿನಲ್ಲೂ ಬರೆಸಿ ಹಾಡಿಸಿದರು.

ಇದನ್ನು ಓದುವಾಗ ನಮ್ಮ ಮಳೆಗಾಲದ ತಾಳಮದ್ದಲೆ, ವೇಷ ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ, ನೆನಪಾಯಿತು. ಕರ್ಣಪರ್ವ ಅಂದರೆ ಸಾಕು, ನಾವೆಲ್ಲ ಬೆಳಗಿನ ತನಕ ಕದಲುವುದಿಲ್ಲ. ಭಾಗವತರು ಏರು ಪದ ಎತ್ತಿದರೆ ಮೈ ಜುಂ ಅನ್ನುತ್ತದೆ. ಆದರೆ ಅಲ್ಲಿ ಕೂತವರಲ್ಲಿ ಕತ್ತಿ ಕೋವಿ ಹಿಡಿದು ಯುದ್ಧಕ್ಕೆ ಹೋದವರು ಯಾರು? ಹಂದಿ ಓಡಿಸಲು ಕೋವಿ ಹಿಡಿದದ್ದೇ ಹೆಚ್ಚು. ನೀನು ರಜೆಗೆ ಬಂದಾಗಲೆಲ್ಲ "ಹಾಸ್ಯ ಯಾರದ್ದು?" ಅಂತ ಮೊದಲು ಕೇಳುತ್ತಿದ್ದೆ. ಆಗ ನಮಗೆ ತಮಾಷೆ ಅನಿಸುತ್ತಿತ್ತು.

ಯುದ್ಧ ನಡೆಸುವ ದೊಡ್ಡವರಿಗೆ ಯಾವಾಗಲೂ ಒಂದೇ ಹೆದರಿಕೆ, ಸಿಪಾಯಿ ಮೆತ್ತಗಾದರೆ ಏನು ಗತಿ ಅಂತ. ಇಂಗ್ಲೆಂಡಿನ ಗಾಯಕಿ ವೇರಾ ಲಿನ್ 1941ರಲ್ಲಿ ಬಿಬಿಸಿಯಲ್ಲಿ ಸೈನಿಕರಿಗಾಗಿ ಹಾಡತೊಡಗಿದಾಗಲೂ ಇದೇ ತಕರಾರು. ಮನೆ, ಹೆಂಡತಿ, ಮತ್ತೆ ಸಿಗೋಣ, ಇಂಥ ಹಾಡಿನಿಂದ ಹುಡುಗರ ಕೆಚ್ಚು ಇಳಿಯುತ್ತದೆ ಎಂದರು. ಆಕೆ 1944ರಲ್ಲಿ ಬರ್ಮಾ ಗಡಿಯ ಅರಕಾನ್ ತನಕ ಬಂದು ಸೆಕೆ, ಸೊಳ್ಳೆಗಳ ನಡುವೆ ಹಾಡಿದಳು. ಅಲ್ಲಿದ್ದ 14ನೇ ಸೇನೆಯನ್ನು 'ಮರೆತುಹೋದ ಸೇನೆ' ಎಂದೇ ಕರೆಯುತ್ತಿದ್ದರು. ಅದರಲ್ಲಿ ಹೆಚ್ಚಿನವರು ಭಾರತೀಯರು. ಕೆಚ್ಚು ಇಳಿದ ಹಾಗೇನೂ ಕಾಣಲಿಲ್ಲ, ಜಪಾನನ್ನು ಬರ್ಮಾದಿಂದ ಹಿಂದಕ್ಕೆ ತಳ್ಳಿದ್ದು ಅದೇ ಸೇನೆ.

ಸುಮ್ನೆ ಒಂದು ಅಡ್ಡ ಮಾತು. ಆಗಿನ ಗ್ರಾಮಫೋನ್ ಪ್ಲೇಟಿಗೆ ಅರಗು ಬೇಕಿತ್ತು. ದುರ್ಯೋಧನ ಪಾಂಡವರಿಗೆ ಮನೆ ಕಟ್ಟಿಸಿದ್ದನಲ್ಲ, ಅದೇ ಅರಗು. ಅದು ಹೆಚ್ಚಾಗಿ ಹೋಗುತ್ತಿದ್ದದ್ದು ನಮ್ಮ ದೇಶದಿಂದಲೇ. ಯುದ್ಧ ಬಂದ ಮೇಲೆ ಅರಗಿಗೆ ಬರ ಬಿತ್ತು. ಅಮೆರಿಕದವರು 1943ರಿಂದ ತಮ್ಮ ಸೈನಿಕರಿಗೆ ಕಳಿಸಿದ ವಿ-ಡಿಸ್ಕ್ ಎಂಬ ಪ್ಲೇಟುಗಳಿಗೆ ವಿನೈಲ್ ಬಳಸಿದರು. ಹಡಗಿನಲ್ಲಿ ಹೋಗುವಾಗ ಒಡೆಯುವುದೂ ಕಡಿಮೆಯಾಯಿತು.

ನಿನಗೆ ಖುಷಿಯಾಗುವ ವಿಷಯ ರೇಡಿಯೋ ಸಿಲೋನಿನದು. ನಮ್ಮ ಅಪ್ಪಂದಿರು ಅಡಿಕೆ ಮರಕ್ಕೆ ಏರಿಯಲ್ ತಂತಿ ಕಟ್ಟಿ, ಮುಳ್ಳು ತಿರುಗಿಸಿ ತಿರುಗಿಸಿ ಹಿಡಿಯುತ್ತಿದ್ದ ಸ್ಟೇಷನ್. ಅದು ಅಷ್ಟು ದೂರ ಕೇಳಿಸುವ ಹಾಗಾದದ್ದೇ ಸೈನಿಕರಿಗಾಗಿ ಕಣೋ! ಮೌಂಟ್‌ಬ್ಯಾಟನ್ ಆಗ್ನೇಯ ಏಷ್ಯಾದ ಸೇನಾಪತಿಯಾಗಿ ಸಿಲೋನಿನಲ್ಲಿ ಕೂತಿದ್ದಾಗ, ದೂರದ ಕಾಡುಗಳಲ್ಲಿದ್ದ ಪಡೆಗಳಿಗೆ ಕೇಳಿಸಲಿ ಅಂತ ಅಲ್ಲಿ ನಡೆಸಿದ ರೇಡಿಯೋ ಸೀಕ್ ಅದಕ್ಕೆ ಕಾರಣ. ಯುದ್ಧ ಮುಗಿದ ಮೇಲೆ ಅದು ಸಿಲೋನ್ ಸರ್ಕಾರದ ಕೈಗೆ ಬಂತು. 1952ರಲ್ಲಿ ಕೇಂದ್ರದ ವಾರ್ತಾ ಮಂತ್ರಿ ಕೇಸ್ಕರ್ ಆಕಾಶವಾಣಿಯಲ್ಲಿ ಸಿನಿಮಾ ಹಾಡಿಗೆ ಕತ್ತರಿ ಹಾಕಿದಾಗ ದೇಶವೆಲ್ಲ ಸಿಲೋನಿನ ಕಡೆ ಕಿವಿ ತಿರುಗಿಸಿತು. ಅದನ್ನು ಸರಿಮಾಡಲು 1957ರಲ್ಲಿ ವಿವಿಧ ಭಾರತಿ ಬಂತು. ಅದರಲ್ಲಿ ಫೌಜಿ ಭಾಯಿಗಳಿಗೆಂದೇ 'ಜಯಮಾಲಾ' ಕಾರ್ಯಕ್ರಮ. ಸಿಪಾಯಿಗಳೇ ಬರೆದು ಕೇಳಿದ ಹಾಡುಗಳು. ಮುಕ್ಕಾಲು ಪಾಲು ಪ್ರೇಮಗೀತೆ, ಅಲ್ವಾ?

1963ರ ಜನವರಿ 27ರಂದು ದೆಹಲಿಯಲ್ಲಿ ಲತಾ ಹಾಡಿದ 'ಏ ಮೇರೆ ವತನ್ ಕೆ ಲೋಗೋ' ನಿನಗೂ ಬಾಯಿಪಾಠ. ಪ್ರದೀಪ್ ಬರೆದದ್ದು, ಸಿ. ರಾಮಚಂದ್ರ ರಾಗ ಹಾಕಿದ್ದು. ನೆಹರೂ ಕಣ್ಣೀರು ಹಾಕಿದರು. ನನಗೂ ಇಷ್ಟದ ಹಾಡೇ. ಆದರೆ ಅದು ಸಿಪಾಯಿಗೆ ಹಾಡಿದ್ದಲ್ಲ, ಮನೆಯಲ್ಲಿ ಉಳಿದ ನಮಗೆ ಹಾಡಿದ್ದು. ನಾವು ಅಳಬೇಕಾದ ಹಾಡು. ಚೀನಾ ಯುದ್ಧದ ನಂತರ ಸುನೀಲ್ ದತ್, ನರ್ಗಿಸ್ ಜೋಡಿ ಅಜಂತಾ ಆರ್ಟ್ಸ್ ತಂಡ ಕಟ್ಟಿಕೊಂಡು ಗಡಿಗೆ ಹೋಯಿತಲ್ಲ, ಅವರು ಒಯ್ದದ್ದು ಸಿನಿಮಾ ಹಾಡು, ಕುಣಿತ, ನಗೆ. ನೀವು ಹಾಡುತ್ತಿದ್ದ 'ಸಂದೇಸೆ ಆತೇ ಹೈ' ಕೂಡ 1997ರಲ್ಲಿ ಬಂದ ಒಂದು ಯುದ್ಧದ ಸಿನಿಮಾದ್ದೇ. ಅದರಲ್ಲಿರುವುದು ಮನೆಯಿಂದ ಬರುವ ಕಾಗದದ ಮಾತು.

ಓದಿದ್ದರಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಹಾಡೇ ಅಲ್ಲ. ಮೊದಲನೇ ಮಹಾಯುದ್ಧದಲ್ಲಿ ಸೆರೆಸಿಕ್ಕ ಭಾರತೀಯರನ್ನು ಜರ್ಮನರು ಬರ್ಲಿನ್ ಹತ್ತಿರದ ವುನ್ಸ್‌ಡಾರ್ಫ್‌ನಲ್ಲಿ ಇಟ್ಟಿದ್ದರು. ಭಾಷೆಗಳ ಅಧ್ಯಯನಕ್ಕೆಂದು ಅವರ ಮಾತು, ಹಾಡು, ಕತೆಗಳನ್ನು ಪ್ಲೇಟಿನಲ್ಲಿ ಹಿಡಿದರು. 1916ರ ಡಿಸೆಂಬರಿನಲ್ಲಿ ಮಾಲ್ ಸಿಂಗ್ ಎಂಬ ಪಂಜಾಬಿ ಸಿಪಾಯಿಯ ಸರದಿ ಬಂತು. ಅವನು ತನ್ನ ಕತೆಯನ್ನೇ ಯಾರೋ ಒಬ್ಬನ ಕತೆಯ ಹಾಗೆ ಹೇಳಿದ. ಹಿಂದುಸ್ತಾನದಲ್ಲಿ ಬೆಣ್ಣೆ ತಿನ್ನುತ್ತಿದ್ದ ಒಬ್ಬ ಮನುಷ್ಯ, ಯುದ್ಧಕ್ಕೆ ಬಂದ, ಜರ್ಮನಿಗೆ ಸೆರೆಸಿಕ್ಕ, ಈಗ ಅವನಿಗೆ ವಾಪಸು ಹೋಗಬೇಕು, ಹೋದರೆ ಮತ್ತೆ ಅದೇ ಊಟ ಸಿಗುತ್ತದೆ. ಆ ದನಿ ಇನ್ನೂ ಇದೆ. ಲೇಹ್‌ನಿಂದ ನೀನು ಬರೆಯುತ್ತಿದ್ದ ಪತ್ರಗಳಲ್ಲಿ ಅರ್ಧ ಪುಟ ಅಪ್ಪೆಮಿಡಿ, ಅರ್ಧ ಪುಟ ಕಳಲೆ ಇರುತ್ತಿತ್ತಲ್ಲ!

ಈಗ ಕೆಲಸದ ಮಾತು. ಊರಿನ ಯುವಕ ಸಂಘದವರು ಜುಲೈ 26ಕ್ಕೆ ಮಾಜಿ ಸೈನಿಕರಿಗೆ ಸನ್ಮಾನ ಇಟ್ಟಿದ್ದಾರೆ. ಹಾಡಿನ ಪಟ್ಟಿ ನೋಡಿದೆ. ಎಲ್ಲವೂ ರಕ್ತ, ಪ್ರಾಣ, ಬಲಿದಾನ. ಎದುರು ಕೂರುವ ಎಪ್ಪತ್ತು ದಾಟಿದ ಹಿರಿಯರು ಎರಡು ತಾಸು ಇದನ್ನೇ ಕೇಳಬೇಕು. ಅರ್ಧ ಪಟ್ಟಿ ನನಗೆ ಬಿಡಿ ಎಂದೆ, ಗೊಣಗಿಕೊಂಡು ಒಪ್ಪಿದ್ದಾರೆ. ನೀವು ನಿಜವಾಗಿ ಹಾಡಿಕೊಂಡು ಕುಣಿದ ಹಾಡುಗಳ ಹೆಸರು ಶನಿವಾರದೊಳಗೆ ಕಳಿಸು. ಮೈಕ್ ಸೆಟ್ಟಿನವನಿಗೆ ಪೆನ್‌ಡ್ರೈವಿನಲ್ಲಿ ಹಾಕಿ ಕೊಡಬೇಕು. ಪೋಲಿ ಹಾಡಾದರೆ ಪಕ್ಕದಲ್ಲಿ ಗುರುತು ಹಾಕು. ಸ್ವಾಮಿಗಳು ಎದ್ದು ಹೋದ ಮೇಲೆ ಹಾಕಿಸುತ್ತೇನೆ.

ಇಂತಿ,
ನಿನ್ನ ಗೆಳೆಯ