ದುಡಿಮೆಗೆ ತೆರಿಗೆ, ವಾರಸಿಕೆಗೆ ವಿನಾಯಿತಿ

ಮಾನ್ಯ ಸಂಪಾದಕರೇ,

ತೆರಿಗೆ ವ್ಯಾಪ್ತಿಯ ಸಂಬಳದಾರರಿಗೆ ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಕಳೆದೇ ಹಣ ಕೈಸೇರುತ್ತದೆ. ಕೂಲಿಯವರೂ ಸೋಪು, ಪೇಸ್ಟಿಗೆ ಜಿಎಸ್‌ಟಿ ಕಟ್ಟುತ್ತಾರೆ. ಆದರೆ ನೂರು ಕೋಟಿಯ ಆಸ್ತಿ ಉಯಿಲಿನ ಮೂಲಕ ಮಕ್ಕಳಿಗೆ ಬಂದರೆ ಆದಾಯ ತೆರಿಗೆ ಒಂದು ಪೈಸೆಯೂ ಇಲ್ಲ. ಹುಟ್ಟಿನ ಅದೃಷ್ಟವನ್ನು ಬಿಟ್ಟು ಬೆವರಿನ ಮೇಲೆ ಹೊರೆ ಹಾಕುವುದು ಯಾವ ನ್ಯಾಯ?

1953ರ ಎಸ್ಟೇಟ್ ಡ್ಯೂಟಿ, ಅಂದರೆ ಸತ್ತವರು ಬಿಟ್ಟುಹೋದ ಆಸ್ತಿಯ ಮೇಲಿನ ತೆರಿಗೆ, 1985ರಲ್ಲಿ ರದ್ದಾಯಿತು. ಗರಿಷ್ಠ ದರ ಶೇ 85ರವರೆಗೂ ಏರಿತ್ತು. ಮೌಲ್ಯಮಾಪನದ ವ್ಯಾಜ್ಯ ವಿಪರೀತ, ವಸೂಲಿ ಅತ್ಯಲ್ಪ. ಮತ್ತೆ ತರುವುದಾದರೆ ವಾಸದ ಮನೆ, ಸಣ್ಣ ರೈತರ ಜಮೀನು ಬಿಟ್ಟು, ಹತ್ತು ಕೋಟಿ ಮೀರಿದ ಭಾಗಕ್ಕಷ್ಟೇ ಶೇ 10 ಸಾಕು. ಬಹುತೇಕ ಷೇರುಗಳು ಡಿಮ್ಯಾಟ್ (ವಿದ್ಯುನ್ಮಾನ) ಖಾತೆಯಲ್ಲಿವೆ, ನಿವೇಶನಕ್ಕೆ ಮಾರ್ಗಸೂಚಿ ದರವಿದೆ; ಮೌಲ್ಯ ಕಟ್ಟುವುದು ಈಗ ಅಷ್ಟು ಕಷ್ಟವಲ್ಲ. ಸಾವಿಗೆ ಹಿಂದಿನ ಏಳು ವರ್ಷಗಳ ದಾನಪತ್ರ, ಕುಟುಂಬದ ಟ್ರಸ್ಟ್‌ಗಳನ್ನೂ ಲೆಕ್ಕಕ್ಕೆ ಹಿಡಿಯದಿದ್ದರೆ ಆಸ್ತಿಯೆಲ್ಲ ಆ ದಾರಿಯಲ್ಲೇ ಜಾರಿಹೋಗುತ್ತದೆ.

– ಓದುಗ, ಮೈಸೂರು