ಅರಸೀಕೆರೆಯಲ್ಲಿ ಇಳಿದುಹೋದ ಅಜ್ಜನಿಗೆ

ಅಜ್ಜ, ನಿಮ್ಮ ಹೆಸರು ಕೇಳಲೂ ಆಗಲಿಲ್ಲ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುವ ರೈಲಿನಲ್ಲಿ ನಮ್ಮ ಎದುರು ಸೀಟಿನಲ್ಲಿ ಕೂತಿದ್ದಿರಿ. ರೈಲು ನಡುದಾರಿಯಲ್ಲಿ ನಿಂತು ಒಂದು ತಾಸಾಗಿತ್ತು. ಐದು ವರ್ಷದ ಮಗಳು ಅತ್ತು ಅತ್ತು ಸುಸ್ತಾಗಿದ್ದಳು. ನನಗೂ ಅಳು ಬರುವಂತಾಗಿತ್ತು.

ನೀವು ಸುಮ್ನೆ ಕರ್ಚೀಫು ತೆಗೆದು ಅವಳ ಬೆರಳಿಗೆ ಸಡಿಲವಾಗಿ ಗಂಟು ಹಾಕಿದಿರಿ. "ಇದು ಬೇಟೆಗಾರನ ಹಗ್ಗ. ಇಲಿ ಎಲ್ಲವ್ವಾ?" ಎಂದಿರಿ. ಅವಳ ಇನ್ನೊಂದು ಕೈಯೇ ಇಲಿಯಾಯಿತು. ಕಟಕಟ ಅಂತ ಕಡಿಯಿತು. ಅಳು ನಿಂತಿತು.

ಪಂಚತಂತ್ರದ ಆ ನಾಲ್ಕು ಗೆಳೆಯರ ಕಥೆ ನನಗೂ ಗೊತ್ತಿತ್ತು, ಆದರೆ ಹೀಗೆ ಕೇಳಿರಲಿಲ್ಲ. ಆಮೆ ಸಿಕ್ಕಿಬಿದ್ದಾಗ ಜಿಂಕೆ ನೀರಿನ ದಡದಲ್ಲಿ ಸತ್ತಂತೆ ಮಲಗುತ್ತದೆ. ಕಾಗೆ ಅದರ ತಲೆ ಕುಕ್ಕುವ ಹಾಗೆ ನಟಿಸುತ್ತದೆ. ಬೇಟೆಗಾರ ಆಮೆಯನ್ನು ಕೆಳಗಿಟ್ಟು ಅತ್ತ ಓಡುತ್ತಾನೆ. ಇಲಿ ಹಗ್ಗ ಕಡಿಯುತ್ತದೆ, ಆಮೆ ಬುಳುಕ್ ಅಂತ ನೀರಿಗೆ! ಎಲ್ಲರಿಗಿಂತ ಚಿಕ್ಕದಾದ ಇಲಿ ಇಲ್ಲದಿದ್ದರೆ ಆಮೆ ಉಳಿಯುತ್ತಿರಲಿಲ್ಲ. ಮಕ್ಕಳಿಗೆ ಇದು ಹಿಡಿಸುವುದು ಅದಕ್ಕೇ ಅಲ್ವಾ? ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರು ಅವರೇ. ಪಂಚತಂತ್ರ 8ನೇ ಶತಮಾನದಲ್ಲಿ ಅರಬ್ಬಿಗೆ ಹೋಯಿತು, 11ನೇ ಶತಮಾನದಲ್ಲಿ ದುರ್ಗಸಿಂಹ ಅದನ್ನು ಕನ್ನಡಕ್ಕೆ ತಂದ. ನಮ್ಮ ಬೋಗಿಗೆ ತಂದವರು ನೀವು.

ಅರಸೀಕೆರೆ ಬರುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು. ನೀವು ಸದ್ದಿಲ್ಲದೆ ಇಳಿದುಹೋದಿರಿ. ಕರ್ಚೀಫು ಅವಳ ಬೆರಳಲ್ಲೇ ಉಳಿಯಿತು. ನೀಲಿ ಅಂಚಿನದು, ಒಗೆದು ಇಟ್ಟಿದ್ದೇನೆ. ದಿನಾ ರಾತ್ರಿ ಅದನ್ನು ತಂದು ನನ್ನ ಬೆರಳಿಗೆ ಕಟ್ಟುತ್ತಾಳೆ. ಈಗ ಇಲಿ ಅವಳೇ.

ತುಂಬಾ ಥ್ಯಾಂಕ್ಸ್ ಅಜ್ಜ.