ಮುಂಭಾಗದ ಇಂಪ್ಲಾಂಟ್ ಹಲ್ಲುಗಳ ಚಿಕಿತ್ಸಾಕ್ರಮದಲ್ಲಿ ಬದಲಾವಣೆ

ಕೊಪ್ಪಳ

ಮಾನ್ಯರೇ,

ಮೇಲ್ದವಡೆಯ ಮುಂಭಾಗದಲ್ಲಿ ಇಂಪ್ಲಾಂಟ್ (ಕೃತಕ ಹಲ್ಲಿಗೆ ಬೇರಿನಂತೆ ಎಲುಬಿನೊಳಗೆ ಕೂರಿಸುವ ಲೋಹದ ತಿರುಪು) ಹಾಕಿಸಿಕೊಳ್ಳುವವರಿಗೆ ನಮ್ಮ ಚಿಕಿತ್ಸಾಲಯದಲ್ಲಿ ಇನ್ನು ಮುಂದೆ ಶಾಶ್ವತ ಹಲ್ಲನ್ನು ನೇರವಾಗಿ ಕೂರಿಸುವುದಿಲ್ಲ. ಮೊದಲು ತಾತ್ಕಾಲಿಕ ಹಲ್ಲು ಕೂರಿಸಿ, ಅದರ ಸುತ್ತ ಒಸಡು ಆಕಾರಕ್ಕೆ ಬಂದು ನಿಂತ ಮೇಲಷ್ಟೇ ಶಾಶ್ವತ ಹಲ್ಲಿನ ಅಳತೆ ತೆಗೆಯುತ್ತೇವೆ. ಇದರಿಂದ ಚಿಕಿತ್ಸೆ ಎರಡು ಮೂರು ತಿಂಗಳು ಹೆಚ್ಚು ಹಿಡಿಯುತ್ತದೆ.

ಕೆಲವು ವರ್ಷಗಳ ಹಿಂದೆ, ಮಗಳ ಮದುವೆ ಹತ್ತಿರ ಬಂದಿದೆಯೆಂದು ಕೇಳಿಕೊಂಡ ಒಬ್ಬ ತಾಯಿಗೆ ನಾವು ಅವಸರದಲ್ಲಿ ಹಲ್ಲು ಕೂರಿಸಿದೆವು. ಮದುವೆಯ ದಿನ ಎಲ್ಲವೂ ಚೆನ್ನಾಗಿಯೇ ಇತ್ತು. ವರ್ಷ ಕಳೆಯುವಷ್ಟರಲ್ಲಿ ಒಸಡು ಮೇಲಕ್ಕೆ ಸರಿದು, ಹಲ್ಲಿನ ಬುಡದಲ್ಲಿ ಲೋಹದ ಬೂದು ಗೆರೆ ಕಾಣಿಸಿತು. ನಗುವಾಗ ಅವರು ಸೆರಗಿನ ಅಂಚನ್ನು ಬಾಯಿಗೆ ತರತೊಡಗಿದರು. ಆ ತಪ್ಪು ನಮ್ಮದು.

ಮುಂದಿನ ಹಲ್ಲಿನ ಬೇರನ್ನು ತುಟಿಯ ಕಡೆಯಿಂದ ಮುಚ್ಚಿರುವ ಎಲುಬು ಬಹುತೇಕರಲ್ಲಿ 1 ಮಿಲಿಮೀಟರಿಗಿಂತ ತೆಳುವಾಗಿರುತ್ತದೆ. ಹಲ್ಲು ಕಿತ್ತ ಮೇಲೆ ಹೆಚ್ಚಾಗಿ ಕರಗುವುದು ಇದೇ ಎಲುಬು, ಅದು ಹಿಂದೆ ಸರಿದಂತೆ ಒಸಡೂ ಸರಿಯುತ್ತದೆ. ಎರಡು ಹಲ್ಲುಗಳ ಸಂದನ್ನು ತುಂಬುವ ಒಸಡಿನ ತುದಿಯೂ ಎಲುಬನ್ನೇ ನಂಬಿಕೊಂಡಿದೆ: ಸಹಜ ಹಲ್ಲುಗಳ ಮೇಲೆ ನಡೆದು 1992ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹಲ್ಲುಗಳು ಪರಸ್ಪರ ತಾಗುವ ಜಾಗದಿಂದ ಎಲುಬಿನವರೆಗಿನ ಅಂತರ 5 ಮಿ.ಮೀ. ಇದ್ದಲ್ಲಿ ಸಂದು ಹೆಚ್ಚುಕಡಿಮೆ ಎಲ್ಲರಲ್ಲೂ ತುಂಬಿತ್ತು, 7 ಮಿ.ಮೀ. ಇದ್ದಲ್ಲಿ ಶೇ. 27ರಷ್ಟು ಕಡೆ ಮಾತ್ರ. ಆದ್ದರಿಂದ ಇಂಪ್ಲಾಂಟಿಗೆ ಮುಂಚೆ ಸಿಬಿಸಿಟಿ ಸ್ಕ್ಯಾನ್ (ಎಲುಬನ್ನು ಮೂರು ಆಯಾಮಗಳಲ್ಲಿ ತೋರಿಸುವ ಎಕ್ಸ್-ರೇ) ಮಾಡಿಸುವುದನ್ನೂ ಕಡ್ಡಾಯ ಮಾಡಿದ್ದೇವೆ. ಒಸಡು ತೀರಾ ತೆಳುವಾಗಿದ್ದರೆ ಅಂಗುಳಿನಿಂದ ಸ್ವಲ್ಪ ಅಂಗಾಂಶ ತೆಗೆದು ಅಲ್ಲಿ ಸೇರಿಸಬೇಕಾಗಬಹುದು.

ಬಣ್ಣದ ವಿಷಯವೂ ಇದೆ. ಕುಷ್ಟಗಿ, ಯಲಬುರ್ಗಾ ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಅನೇಕರ ಹಲ್ಲುಗಳಲ್ಲಿ ಕಂದು ಕಲೆ, ಸುಣ್ಣದಂಥ ಬಿಳಿ ಗೆರೆಗಳಿರುತ್ತವೆ. ಅವುಗಳ ನಡುವೆ ಅಚ್ಚ ಬಿಳಿಯ ಹಲ್ಲೊಂದನ್ನು ಕೂರಿಸಿದರೆ ಅದು ದೂರದಿಂದಲೇ ಕಟ್ಟಿಸಿದ ಹಲ್ಲೆಂದು ಗೊತ್ತಾಗುತ್ತದೆ. ಬಾಯಿ ತೆರೆದು ಹಲ್ಲು ಒಣಗಿದರೆ ಅದು ಇನ್ನಷ್ಟು ಬೆಳ್ಳಗೆ ಕಾಣುವುದರಿಂದ, ಪಕ್ಕದ ಹಲ್ಲುಗಳ ಬಣ್ಣವನ್ನು ನೀವು ಬಂದು ಕುಳಿತ ಕೂಡಲೇ, ಕಿಟಕಿಯ ಹಗಲು ಬೆಳಕಿನಲ್ಲಿ ನೋಡಿಕೊಳ್ಳುತ್ತೇವೆ. ದಯವಿಟ್ಟು ಇದಕ್ಕೆ ಬೆಳಗಿನ ಹೊತ್ತೇ ಬನ್ನಿ.

ಇಂಪ್ಲಾಂಟ್ ಹಾಕಿಸಿಕೊಂಡು ಶಾಶ್ವತ ಹಲ್ಲಿಗಾಗಿ ಕಾಯುತ್ತಿರುವವರಿಗೂ ಇದೇ ಕ್ರಮ ಅನ್ವಯಿಸುತ್ತದೆ. ತಾತ್ಕಾಲಿಕ ಹಲ್ಲಿಗೆ ಪ್ರತ್ಯೇಕ ಶುಲ್ಕವಿಲ್ಲ. ಮನೆಯಲ್ಲಿ ಶುಭಕಾರ್ಯವಿದ್ದರೆ ದಿನಾಂಕವನ್ನು ಆರೇಳು ತಿಂಗಳು ಮುಂಚೆ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ದಂತವೈದ್ಯರು